ಮಾವನ ಥರ್ಡ್ ಓನರ್ ಗಾಡಿ

ಗಾಡಿ ಓಡಿಸುವಾಗ ನನ್ನ ಮಾವನ ಕತ್ತು ಎಡಕ್ಕೆ ವಾಲಿರುತ್ತಿತ್ತು. ಎಡಗಿವಿಯ ಅಂಚಿನಲ್ಲಿ ಬೆಳೆದ ನಾಲ್ಕಾರು ಬಿಳಿಕೂದಲು ಕಿಟಕಿಯ ಗಾಳಿಗೆ ಅಲುಗುತ್ತಿದ್ದವು. ಕಣ್ಣು ರಸ್ತೆಯ ಮೇಲೆ, ಕಿವಿ ಬಾನೆಟ್ಟಿನ ಒಳಗೆ. ಶೀಳ್ ಫಾಟಾದ ಟ್ರಾಫಿಕ್ಕಿನಲ್ಲಿ ಹಿಂದಿನವರು ಹಾರ್ನ್ ಹೊಡೆದು, ಗಾಜು ಇಳಿಸಿ ಬೈದರೂ ಅವರಿಗೆ ಕೇಳಿಸುತ್ತಿರಲಿಲ್ಲ. ಎಂಜಿನ್ನಿನ ಸದ್ದು ಒಂದು ಎಳೆ ಆಚೀಚೆಯಾದರೆ ಮಾತ್ರ ಸ್ಟಿಯರಿಂಗ್ ಹಿಡಿದ ಬೆರಳುಗಳು ಬಿಳಿಚಿಕೊಳ್ಳುತ್ತಿದ್ದವು. ಹಿಂದಿನ ಸೀಟಿನಲ್ಲಿ ಕೂತ ನಾನು ರಸ್ತೆಯನ್ನು ನೋಡುತ್ತಿರಲಿಲ್ಲ. ಆ ಬೆರಳುಗಳನ್ನೇ ನೋಡುತ್ತಿದ್ದೆ.

ನನ್ನ ಎರಡೂ ಕಿಡ್ನಿ ಕೆಲಸ ನಿಲ್ಲಿಸಿವೆ. ವಾರಕ್ಕೆ ಮೂರು ದಿನ, ಸೋಮವಾರ, ಬುಧವಾರ, ಶುಕ್ರವಾರ, ನನ್ನ ರಕ್ತವನ್ನು ಯಂತ್ರ ತೊಳೆದುಕೊಡಬೇಕು. ತಪ್ಪಿಸಿದರೆ ನೀರು ಕಾಲಿಗೆ ಇಳಿಯುತ್ತದೆ, ಆಮೇಲೆ ಶ್ವಾಸಕೋಶಕ್ಕೆ ಏರುತ್ತದೆ. ನಮ್ಮ ಡೊಂಬಿವಲಿಯಲ್ಲಿ ನಮಗೆ ಎಟಕುವ ಕಡೆ ಜಾಗ ಖಾಲಿ ಇರಲಿಲ್ಲ. ಕೊನೆಗೆ ಘಣಸೋಲಿಯ ಹತ್ತಿರ ಒಂದು ಟ್ರಸ್ಟಿನವರ ಸೆಂಟರಿನಲ್ಲಿ ಬೆಳಗಿನ ಪಾಳಿ ಸಿಕ್ಕಿತು. ಸಿಕ್ಕಿದ್ದಕ್ಕೆ ನನ್ನ ಗಂಡ ದೇವರಿಗೆ ದೀಪ ಹಚ್ಚಿದರು. ಅಲ್ಲಿಗೆ ದಿನ ಬಿಟ್ಟು ದಿನ ಹೋಗಿಬರುವುದು ಹೇಗೆಂದು ಆ ಹೊತ್ತಿಗೆ ಯಾರೂ ಯೋಚಿಸಲಿಲ್ಲ.

ಮೊದಮೊದಲು ಲೋಕಲ್ ರೈಲಿನಲ್ಲೇ ಹೋದೆ. ಠಾಣೆಯಲ್ಲಿ ಇಳಿದು ಇನ್ನೊಂದು ಗಾಡಿ ಹಿಡಿಯಬೇಕು. ಸೂಜಿ ಚುಚ್ಚಲು ನನ್ನ ಎಡಗೈಯ ರಕ್ತನಾಳಗಳನ್ನು ಜೋಡಿಸಿ ಜಾಗ ಮಾಡಿದ್ದರು. ಆ ಕೈಗೆ ಪೆಟ್ಟು ಬೀಳಬಾರದು, ಅದರಲ್ಲಿ ಭಾರ ಎತ್ತಬಾರದು. ಡೊಂಬಿವಲಿಯ ಬೆಳಗಿನ ಲೇಡೀಸ್ ಡಬ್ಬಿಗೆ ಹತ್ತಿದವರಿಗೆ ಈ ಮಾತಿನ ಅರ್ಥ ಗೊತ್ತಾಗುತ್ತದೆ. ಒಂದು ದಿನ ಯಾರದೋ ಟಿಫಿನ್ ಚೀಲ ಸರಿಯಾಗಿ ಅಲ್ಲಿಗೇ ಬಡಿಯಿತು. ಮನೆಗೆ ಬರುವಷ್ಟರಲ್ಲಿ ಮೊಣಕೈ ಊದಿ ನೇರಳೆಯಾಗಿತ್ತು. ಬಾಗಿಲು ತೆರೆದ ಮಾವ ಅದನ್ನು ನೋಡಿದರು, ಏನೂ ಹೇಳಲಿಲ್ಲ.

ಹೇಳುತ್ತಲೂ ಇರಲಿಲ್ಲ ಅನ್ನಿ. ಮದುವೆಯಾದ ಲಾಗಾಯ್ತು ಅವರು ನನ್ನೊಡನೆ ನೇರವಾಗಿ ಮಾತಾಡಿದ್ದಿಲ್ಲ. ಅವರು ಉಡುಪಿ ಕಡೆಯವರು, ಠಾಣೆಯ ಒಂದು ಹೋಟೆಲಿನ ಗಲ್ಲಾದಲ್ಲಿ ಕೂತು ತಲೆ ನೆರೆಸಿಕೊಂಡವರು. ನಾನು ಕಲ್ಯಾಣದಲ್ಲಿ ಹುಟ್ಟಿದರೂ ವಿಜಯಪುರದಿಂದ ಫ್ಯಾಕ್ಟರಿ ಕೆಲಸಕ್ಕೆ ಬಂದವನ ಮಗಳು. ಅವರ ಮಗನದೂ ನನ್ನದೂ ನಾವೇ ಮೆಚ್ಚಿ ಮಾಡಿಕೊಂಡ ಮದುವೆ. ಮನೆಯಲ್ಲಿ ಅವರದು ತುಳು, ನನಗೆ ಅದು ಬರದು. ಹೀಗಾಗಿ ನಾನು ಎದುರಿಗೇ ನಿಂತಿದ್ದರೂ ಮಾವ ಅತ್ತೆಯ ಕಡೆ ತಿರುಗಿ ಕನ್ನಡದಲ್ಲಿ, “ಅವಳಿಗೆ ಚಾ ಬೇಕಾ ಕೇಳು” ಅನ್ನುತ್ತಿದ್ದರು. ನನಗೆ ಮೈ ಉರಿಯುತ್ತಿತ್ತು. ಅತ್ತೆ ಕೇಳುವ ಮೊದಲೇ “ಬೇಡ” ಅಂದುಬಿಡುತ್ತಿದ್ದೆ.

ಆ ವಾರ ಊರಿನಿಂದ ಅತ್ತೆಯ ತಂಗಿ ಬಂದಿದ್ದರು. ಅಡುಗೆಮನೆಯಲ್ಲಿ ದನಿ ತಗ್ಗಿಸದೆಯೇ, ನನಗೂ ತಿಳಿಯಲೆಂದು ಕನ್ನಡದಲ್ಲೇ, “ತಾಯಿಮನೆಗೆ ಕಳಿಸಿ ಮಾರಾಯ್ತಿ. ಅವರೂ ಸ್ವಲ್ಪ ಸಮಯ ನೋಡಿಕೊಳ್ಳಲಿ. ನಿಮ್ಮ ಹುಡುಗನ ಗತಿ ಎಂತ?” ಅಂದರು. ಹಾಲ್‌ನಲ್ಲಿ ಪೇಪರ್ ಓದುತ್ತಿದ್ದ ಮಾವ ಎದ್ದು ಚಪ್ಪಲಿ ಮೆಟ್ಟಿ ಹೊರಗೆ ಹೋದರು. ನಾನೂ ಮನಸ್ಸಿನಲ್ಲೇ ಬಟ್ಟೆ ಕಟ್ಟಿಕೊಂಡೆ. ಮಾವ ಹೋಗಿದ್ದು ಸ್ಟೇಷನ್ನಿನ ಹತ್ತಿರದ ಮೋಟಾರ್ ಡ್ರೈವಿಂಗ್ ಸ್ಕೂಲಿಗೆ ಎಂದು ನಮಗೆ ಗೊತ್ತಾದದ್ದು ಎಷ್ಟೋ ದಿನಗಳ ಮೇಲೆ. ಜೀವಮಾನದಲ್ಲಿ ಸೈಕಲ್ಲನ್ನೂ ನೆಟ್ಟಗೆ ಹೊಡೆಯದ ಮನುಷ್ಯ, ರಿಟೈರಾದ ಮೇಲೆ ಕ್ಲಚ್ಚು ಬ್ರೇಕು ಕಲಿಯಲು ಹೊರಟಿದ್ದರು.

ಹೊಸ ಗಾಡಿ ನಮ್ಮ ಮಾತಲ್ಲ. ಸೆಕೆಂಡ್ ಹ್ಯಾಂಡಿನಲ್ಲೂ ಸಣ್ಣದೇ ಆಗಬೇಕು, ಗ್ಯಾಸಿನ ಕಿಟ್ ಇರಬೇಕು. ಯಾವ ಮಾಡೆಲ್ ನಂಬಬಹುದು ಎಂದು ತಿಳಿಯಲು ಮಾವ ತಮ್ಮದೇ ಒಂದು ದಾರಿ ಕಂಡುಕೊಂಡರು. ಸಂಜೆ ಹೊತ್ತು ಸಿಗ್ನಲ್ಲಿನಲ್ಲಿ ನಿಲ್ಲುವುದು, ತಮ್ಮ ಮನಸ್ಸಿನಲ್ಲಿದ್ದ ಮಾಡೆಲಿನ ಗಾಡಿ ಬಂದರೆ ಗಾಜು ತಟ್ಟಿ “ಕೈಸಾ ಹೈ ಗಾಡಿ?” ಎಂದು ಕೇಳುವುದು. ಕೆಲವರು ಭಿಕ್ಷುಕನೆಂದು ತಿಳಿದು ಮುಂದೆ ಹೋಗು ಎಂದು ಕೈ ಮಾಡಿದರಂತೆ. ಹೆಚ್ಚಿನವರು “ಮಸ್ತ್” ಅಂದರು. ಇದರಿಂದ ಮಾವನಿಗೆ ಸಮಾಧಾನವಾಗಲಿಲ್ಲ. “ಹೋಟೆಲಿನಲ್ಲಿ ಕೈ ತೊಳೆದು ಹೋಗುವ ಗಿರಾಕಿ ಊಟ ಹೇಗಿತ್ತು ಅಂದ್ರೆ ಒಳ್ಳೇದಿತ್ತು ಅಂತಲೇ ಹೇಳುವುದು. ತಟ್ಟೆಯಲ್ಲಿ ಎಷ್ಟು ಬಿಟ್ಟಿದ್ದಾನೆ ನೋಡಬೇಕು” ಅನ್ನುತ್ತಿದ್ದರು. ನಮ್ಮ ಬಿಲ್ಡಿಂಗಿನಲ್ಲೇ ಅದೇ ಮಾಡೆಲ್ ಇಟ್ಟುಕೊಂಡಿದ್ದ ಮರಾಠಿ ಕಾಕಾ ಮಾತ್ರ ಮುಖದ ಮೇಲೆ ಹೊಡೆದಂತೆ ಹೇಳಿದರು: ಎಂಜಿನ್ ಸಾಯುವುದಿಲ್ಲ, ಅದರ ಸುತ್ತ ಇರುವುದೆಲ್ಲ ದಿನಾ ಸಾಯುತ್ತದೆ, ತಗೋಬೇಡಿ. ಮಾವ ಅದನ್ನೇ ತಗೊಂಡರು. ಸುಳ್ಳು ಹೇಳದವನೊಬ್ಬ ಬಿಲ್ಡಿಂಗಿನಲ್ಲೇ ಇದ್ದಾನಲ್ಲ, ಕೆಟ್ಟಾಗ ಕೇಳಬಹುದು ಎಂಬುದು ಅವರ ಲೆಕ್ಕ.

ಗಾಡಿಗೆ ನಾವು ಮೂರನೇ ಒಡೆಯರು. ಕಾಕಾ ಹೇಳಿದ್ದು ಅಕ್ಷರಶಃ ನಿಜವಾಯಿತು. ಹಿಂದಿನ ಎಡಬಾಗಿಲು ಹೊರಗಿನಿಂದ ಮಾತ್ರ ತೆರೆಯುತ್ತಿತ್ತು. ಎಸಿ ಹಾಕಿದರೆ ಏರು ಹತ್ತುತ್ತಿರಲಿಲ್ಲ. ಪೆಟ್ರೋಲಿನ ಮುಳ್ಳು ಅರ್ಧಕ್ಕೆ ಬಂದು ನಿಂತದ್ದು ಅಲ್ಲಾಡುತ್ತಲೇ ಇರಲಿಲ್ಲ. “ಕಾಂಟಾ ಥೋಡಾ ಆಲಸೀ ಹೈ”, ಮುಳ್ಳು ಸ್ವಲ್ಪ ಸೋಮಾರಿ, ಎಂದಿದ್ದನಂತೆ ಮಾರಿದವನು. ಗ್ಯಾಸಿಗೆ ಬೇರೆ ದೀಪಗಳಿದ್ದವು, ಅವು ಸರಿಯಾಗಿದ್ದವು. ನಮಗೆ ಬೇಕಾದ್ದು ಗ್ಯಾಸ್ ತಾನೇ ಎಂದು ಮಾವ ಮುಳ್ಳನ್ನು ರಿಪೇರಿ ಮಾಡಿಸಲಿಲ್ಲ.

ಡಯಾಲಿಸಿಸ್ ಇರಲಿ, ಇಲ್ಲದಿರಲಿ, ದಿನಾ ಬೆಳಗ್ಗೆ ಸ್ನಾನ ಮಾಡಿ ಹಣೆಗೆ ಗಂಧ ಇಟ್ಟುಕೊಂಡು ಕೆಳಗೆ ಹೋಗಿ ಗಾಡಿ ಸ್ಟಾರ್ಟ್ ಮಾಡುತ್ತಿದ್ದರು. ಸ್ವಲ್ಪ ಹೊತ್ತು ಬಾನೆಟ್ಟಿನ ಪಕ್ಕ ಕತ್ತು ವಾಲಿಸಿ ನಿಂತು, ಆಫ್ ಮಾಡಿ ಮೇಲೆ ಬರುತ್ತಿದ್ದರು. ಆ ಸದ್ದು ನಮ್ಮ ಅಡುಗೆಮನೆಗೆ ಕೇಳುತ್ತಿತ್ತು. ಕೀಲಿ ತಿರುಗಿಸಿದ ಮೇಲೆ ಎಂಜಿನ್ ಹಿಡಿದುಕೊಳ್ಳುವವರೆಗಿನ ಆ ಗರಗರದ ಹೊತ್ತಿನಲ್ಲಿ ಅತ್ತೆ ದೋಸೆ ಮಗುಚುವುದನ್ನು ನಿಲ್ಲಿಸುತ್ತಿದ್ದರು. ನಾನು ಉಸಿರು ಬಿಗಿಹಿಡಿಯುತ್ತಿದ್ದೆ. ಹಿಡಿದುಕೊಂಡಿತೆಂದರೆ ಅತ್ತೆ “ಆಯ್ತು” ಅನ್ನುತ್ತಿದ್ದರು, ದೋಸೆ ಮಗುಚಿ ಬೀಳುತ್ತಿತ್ತು. ನಮ್ಮ ಮನೆಯಲ್ಲಿ ದಿನ ಶುರುವಾಗುತ್ತಿದ್ದದ್ದು ಹಾಗೆ.

ಗಾಡಿಯಲ್ಲಿ ನಾವಿಬ್ಬರೇ. ನನ್ನ ಗಂಡನಿಗೆ ಸೀವುಡ್ಸ್‌ನ ಹೋಟೆಲಿನಲ್ಲಿ ಬೆಳಗಿನ ಪಾಳಿ, ಆ ಕೆಲಸ ಹೋದರೆ ನನ್ನ ಇಂಜೆಕ್ಷನ್ನೂ ಹೋಗುತ್ತದೆ. ಅತ್ತೆ ಇಲ್ಲದ ಕಡೆ ಮಾವ ನನ್ನೊಡನೆ ಮಾತಾಡುವುದಾದರೂ ಹೇಗೆ? ಅವರು ಗಾಡಿಯೊಡನೆ ಮಾತಾಡತೊಡಗಿದರು. “ಇನ್ನು ಹೊಂಡದ ರಸ್ತೆ. ಕೈ ಗಟ್ಟಿ ಹಿಡ್ಕೊಂಡ್ರೆ ಒಳ್ಳೇದು” ಎಂದು ಸ್ಟಿಯರಿಂಗಿಗೆ ಹೇಳುತ್ತಿದ್ದರು. ನಾನು ಎಡಗೈಯನ್ನು ಎದೆಗೆ ಒತ್ತಿಕೊಳ್ಳುತ್ತಿದ್ದೆ. “ವಾಂತಿ ಬರುವ ಹಾಗಾದ್ರೆ ನಿಲ್ಲಿಸುವ, ಅವಸರ ಎಂತದೂ ಇಲ್ಲ” ಎಂದು ಮುಂದಿನ ಗಾಜಿಗೆ ಹೇಳುತ್ತಿದ್ದರು. ನಾನೂ ಪಟ್ಟು ಬಿಡದವಳು. “ಇವತ್ತು ಗಾಡಿಗೆ ಸ್ವಲ್ಪ ಆರಾಮ ಐತಿ” ಎಂದು ಕಿಟಕಿಗೆ ಹೇಳುತ್ತಿದ್ದೆ. ಹೀಗೆ ನಮ್ಮ ಸಂಸಾರದ ಮಾತೆಲ್ಲ ಆ ಗಾಡಿಯ ಮೂಲಕ ನಡೆಯಿತು. ನಕ್ಕರೆ ಮಾತ್ರ ಇಬ್ಬರೂ ಕನ್ನಡಿಯಲ್ಲಿ ಸಿಕ್ಕಿಬೀಳುತ್ತಿದ್ದೆವು.

ಗಾಡಿ ಕೈಕೊಟ್ಟದ್ದು ಮೇ ತಿಂಗಳ ಒಂದು ಸೋಮವಾರ. ಶನಿವಾರ, ಭಾನುವಾರ ಎರಡೂ ದಿನ ಯಂತ್ರವಿಲ್ಲದೆ ಕಳೆದು ಬರುವ ಸೋಮವಾರವೆಂದರೆ ನನ್ನಂಥವರಿಗೆ ಗಂಡಾಂತರದ ದಿನ. ಅವತ್ತು ಬೆಳಗ್ಗೆಯೇ ಕಾಲುಗಳು ಕೊಡಪಾನದಂತೆ ಊದಿದ್ದವು, ಮಲಗಿದರೆ ಉಸಿರು ಕಟ್ಟುತ್ತಿತ್ತು. ಶೀಳ್ ಫಾಟಾ ದಾಟುವಾಗ ಗ್ಯಾಸಿನ ಕೆಂಪು ದೀಪ ಹತ್ತಿತು. ಮಾವ ಮಹಾಪೆಯ ದಾರಿಯ ಗ್ಯಾಸ್ ಪಂಪಿನ ಸಾಲಿಗೆ ಗಾಡಿ ಸೇರಿಸಿದರು. ಸಾಲು ರಸ್ತೆಯವರೆಗೆ ಬಂದಿತ್ತು. ನಮ್ಮ ಸರದಿ ಬಂದಾಗ ಎಲ್ಲ ಕಡೆಯಂತೆ ಅಲ್ಲೂ ಎಂಜಿನ್ ಆಫ್ ಮಾಡಿ, ಕೂತವರೆಲ್ಲ ಇಳಿದು ದೂರ ನಿಲ್ಲಬೇಕು. ಮಾವ ಬಂದು ಆ ಕೆಟ್ಟ ಬಾಗಿಲನ್ನು ಹೊರಗಿನಿಂದ ತೆರೆದರು. ನಾನು ಗೋಡೆ ಹಿಡಿದುಕೊಂಡು ಹೋಗಿ ಕಟ್ಟೆಯ ಮೇಲೆ ಕೂತೆ.

ಗ್ಯಾಸ್ ತುಂಬಿತು. ಮಾವ ಕೀಲಿ ತಿರುಗಿಸಿದರು. ಗರಗರ ಅಂದಿತು, ಹಿಡಿದುಕೊಳ್ಳಲಿಲ್ಲ. ಮತ್ತೆ ತಿರುಗಿಸಿದರು. ಮತ್ತೆ. ಹಿಂದಿನಿಂದ ಹಾರ್ನುಗಳು ಶುರುವಾದವು. ಪಂಪಿನ ಹುಡುಗರು “ಧಕ್ಕಾ ಮಾರೋ” ಅಂದು ಗಾಡಿಯನ್ನು ಬದಿಗೆ ತಳ್ಳಿದರು. ತಳ್ಳುತ್ತಿದ್ದಂತೆ ಮಾವ ಗೇರಿಗೆ ಹಾಕಿ ನೋಡಿದರು, ಗಾಡಿ ಕೆಮ್ಮಲೂ ಇಲ್ಲ. ಹತ್ತಿರದಲ್ಲಿ ಆಟೋ ಇಲ್ಲ. ಫೋನಿನಲ್ಲಿ ಕ್ಯಾಬ್ ಕರೆದರೆ ಪರದೆಯ ಮೇಲೆ ಹುಡುಕುವ ಚಕ್ರ ತಿರುಗುತ್ತಲೇ ಇತ್ತು. ನನ್ನ ಎದೆಯೊಳಗೆ ನೀರು ಗುಳುಗುಳು ಅನ್ನುವುದು ನನಗೇ ಕೇಳಿಸತೊಡಗಿತು. ಬಾಯಿ ತೆರೆದರೂ ಗಾಳಿ ಒಳಗೆ ಹೋಗುತ್ತಿಲ್ಲ. ಆಗ ಮಾವ ಬಂದು ನನ್ನ ಮುಂದೆ ನೆಲದ ಮೇಲೆ ಕುಕ್ಕುರುಗಾಲಿನಲ್ಲಿ ಕೂತರು.

“ಮಗಾ, ನನ್ನ ಮುಖ ನೋಡು. ಮೆಲ್ಲ ಬಿಡು ಉಸಿರು. ಅವಸರ ಮಾಡಬೇಡ. ನಾನಿದ್ದೇನಲ್ಲ.”

ಅವರು ನನಗೆ ನೇರವಾಗಿ ಆಡಿದ ಮೊದಲ ಮಾತು ಅದು.

ಎದ್ದು ನಿಂತವರೇ ಸಾಲಿನ ಕಡೆ ನಡೆದು, ಎಲ್ಲರಿಗಿಂತ ಜೋರಾಗಿ ಹಾರ್ನ್ ಹೊಡೆಯುತ್ತಿದ್ದ ಟೊಮೆಟೊ ಟೆಂಪೋದ ಮುಂದೆ ಎರಡೂ ಕೈ ಅಗಲಿಸಿ ನಿಂತುಬಿಟ್ಟರು. ಹಿಂದಿ ಬಾಯಿಗೆ ಬರಲಿಲ್ಲ. “ಅಯ್ಯೋ, ನಮ್ಮ ಹುಡುಗಿ ಹೋಗ್ತಾಳೆ ಮಾರಾಯಾ!” ಎಂದು ಕನ್ನಡದಲ್ಲೇ ಕೂಗಿದರು.

ಟೆಂಪೋದವನು ತಲೆ ಹೊರಗೆ ಹಾಕಿದ. “ಏನಾತ್ರೀ ಯಜಮಾನ್ರ? ಎಲ್ಲಿಗ್ ಒಯ್ಯಬೇಕ್ರೀ?”

ನಮ್ಮ ಕಡೆಯ ಮಾತು ಕೇಳಿ ನಾನು ಕೂತಲ್ಲಿಂದಲೇ ಅಂದೆ, “ಅಣ್ಣಾ, ಘಣಸೋಲಿ... ಉಸಿರು ಸಿಗವಲ್ದು.”

“ಹತ್ತವ್ವಾ ತಂಗಿ, ಹತ್ತು. ಮುಂದ ಒಬ್ಬರಿಗಷ್ಟ ಜಾಗಾ ಐತ್ರೀ ಯಜಮಾನ್ರ. ನೀವು ಹಿಂದ ನಿಲ್ಲಬೇಕಾಕ್ಕೈತಿ. ಮತ್ತ ಒಂದ್ ಮಾತ್ರೀ, ನಾ ಇನ್ನೂ ಗ್ಯಾಸ್ ತುಂಬಿಸಿಲ್ಲ. ದೀಪ ಕೆಂಪಾಗೈತಿ. ಮುಟ್ಟಿದ್ರ ಮುಟ್ಟತೀವಿ.”

“ಹೋಗುವಾ” ಅಂದರು ಮಾವ.

ಪಂಪಿನವರು “ಚಾಚಾ, ಗಾಡಿ?” ಎಂದು ಕೂಗುತ್ತಿದ್ದರು. ಯಾರಾದರೂ ಬಾನೆಟ್ಟಿಗೆ ಒರಗಿ ನಿಂತರೂ ಗದರುತ್ತಿದ್ದ ಮಾವ ಅವತ್ತು ಕೀಲಿಯನ್ನು ಅದರಲ್ಲೇ ಬಿಟ್ಟು, ಬಾಗಿಲನ್ನೂ ಹಾಕದೆ, ತಿರುಗಿಯೂ ನೋಡದೆ ಟೆಂಪೋದ ಹಿಂದೆ ಹತ್ತಿದರು. ಮಹಾಪೆಯ ಏರಿನಲ್ಲಿ ಟೆಂಪೋ ಎರಡು ಸಲ ಮುಗ್ಗರಿಸಿತು. ಚಾಲಕ ಬಾಯಲ್ಲಿ ದೇವರ ಹೆಸರು ಹೇಳುತ್ತ ಗೇರು ಇಳಿಸಿದ. ಹಿಂದಿನ ಸಣ್ಣ ಗಾಜಿನಲ್ಲಿ ನೋಡಿದೆ. ಇಸ್ತ್ರಿ ಮಾಡಿದ ಬಿಳಿ ಅಂಗಿಯ ಮಾವ ಟೊಮೆಟೊ ಕ್ರೇಟುಗಳ ನಡುವೆ ಹಗ್ಗ ಹಿಡಿದು ನಿಂತಿದ್ದರು. ಅಲ್ಲೂ ಅವರ ಕತ್ತು ಎಡಕ್ಕೆ ವಾಲಿತ್ತು, ಪರರ ಎಂಜಿನ್ನಿನ ಸದ್ದು ಕೇಳುತ್ತಿದ್ದರು.

ಮುಟ್ಟಿದೆವು. ಸೆಂಟರಿನಲ್ಲಿ ನನ್ನ ಯಂತ್ರಕ್ಕೆ ಬೇರೊಬ್ಬರನ್ನು ಕರೆಯುವುದರಲ್ಲಿದ್ದರು. ನನ್ನ ಮುಖ ನೋಡಿ ಆ ಬೇರೊಬ್ಬರೇ ಪಕ್ಕಕ್ಕೆ ಸರಿದರು. ಆಮ್ಲಜನಕದ ಮಾಸ್ಕ್ ಹಾಕಿ ಮಲಗಿಸಿದ್ದು ನೆನಪಿದೆ. ಮುಂದಿನದು ಮಸುಕು ಮಸುಕು. ಎಚ್ಚರವಾದಾಗ ಉಸಿರು ಹಗುರಾಗಿತ್ತು. ಟೆಂಪೋದವನಿಗೆ ಒಂದು ಮಾತು ಹೇಳಲೂ ಆಗಲಿಲ್ಲ, ಅವನು ವಾಶಿಯ ಮಾರ್ಕೆಟ್ಟಿಗೆ ಹೊರಟುಹೋಗಿದ್ದ.

ಗಾಡಿಗೆ ಆಗಿದ್ದೇನು ಎಂದು ಪಂಪಿಗೆ ಬಂದು ನೋಡಿದ ಮೆಕ್ಯಾನಿಕ್ ಹೇಳಿದ್ದನ್ನು ಮಾವ ಸಂಜೆ ಊಟದ ಹೊತ್ತಿಗೆ ಎಲ್ಲರ ಮುಂದೆ ಒಪ್ಪಿಸಿದರು. ಗ್ಯಾಸಿನ ಗಾಡಿಯಾದರೂ ಅದು ಸ್ಟಾರ್ಟ್ ಆಗುವುದು ಪೆಟ್ರೋಲಿನಲ್ಲಿ. ಸ್ವಲ್ಪ ಬಿಸಿಯಾದ ಮೇಲೆ ಗ್ಯಾಸಿಗೆ ಬದಲಾಗುತ್ತದೆ. ಮಾವನಿಗೆ ಇದು ಗೊತ್ತಿರಲಿಲ್ಲ. ಹೋಟೆಲುಗಳಲ್ಲಿ ಒಂದು ಸಿಲಿಂಡರ್ ಉರಿಯುತ್ತಿದ್ದರೆ ಇನ್ನೊಂದನ್ನು ಸೀಲು ಒಡೆಯದೆ ಮೂಲೆಯಲ್ಲಿ ಇಟ್ಟಿರುತ್ತಾರೆ. ಪೆಟ್ರೋಲ್ ಅಂದರೆ ಹಾಗೆ ಮೂಲೆಯಲ್ಲಿರುವ ಸಿಲಿಂಡರ್ ಎಂದು ಅವರು ತಿಳಿದಿದ್ದರು. ಮುಳ್ಳು ಬೇರೆ ಅರ್ಧ ತೋರಿಸುತ್ತಿತ್ತಲ್ಲ, ಇದೆ ಎಂದುಕೊಂಡು ಗಾಡಿ ಕೊಂಡ ಮೇಲೆ ಒಂದು ಹನಿಯನ್ನೂ ಹಾಕಿಸಿರಲಿಲ್ಲ. ದಿನಾ ಬೆಳಗ್ಗೆ ನನಗೋಸ್ಕರ ಗಾಡಿ ಸ್ಟಾರ್ಟ್ ಮಾಡಿ ಮಾಡಿ ಅವರೇ ಟ್ಯಾಂಕ್ ಒಣಗಿಸಿದ್ದರು. ಖಾಲಿ ಟ್ಯಾಂಕಿನಲ್ಲಿ ತಿರುಗಿ ತಿರುಗಿ ಪೆಟ್ರೋಲ್ ಎಳೆಯುವ ಮೋಟಾರು ಸುಟ್ಟುಹೋಗಿತ್ತು.

ಅನ್ನ ಕಲಸಿದ ಮಾವನ ಕೈ ತಟ್ಟೆಯಲ್ಲೇ ಇತ್ತು. “ನಾನೇ ಕೊಲ್ತಿದ್ದೆ ಅವಳನ್ನು” ಅಂದರು, ಅತ್ತೆಯ ಕಡೆ ತಿರುಗಿ.

“ನನಗೇ ಹೇಳ್ರೀ ಮಾವಾ” ಅಂದೆ. “ನಾ ಇಲ್ಲೇ ಕೂತೀನಿ.”

ಮಾವ ಸಾರಿನ ಪಾತ್ರೆಯನ್ನು ನನ್ನ ಕಡೆ ಸರಿಸಿ, “ಸಾರು ಹಾಕ್ಕೋ. ಉಪ್ಪು ಹಾಕಿಲ್ಲ ಅದಕ್ಕೆ, ನಿನಗೇ ಅಂತ ಬೇರೆ ಮಾಡಿದ್ದು” ಅಂದರು. ಅಂದಿನಿಂದ ನಮ್ಮ ನಡುವೆ ಅತ್ತೆಯಾಗಲಿ ಗಾಡಿಯಾಗಲಿ ಬೇಕಾಗಲಿಲ್ಲ.

ಆಮೇಲೆ ಮುಳ್ಳು ರಿಪೇರಿಯಾಯಿತು, ಟ್ಯಾಂಕಿನಲ್ಲಿ ಪೆಟ್ರೋಲ್ ಬಂತು, ಹೊಸ ಮೋಟಾರು ಬಂತು. ಹೆದರಿಕೆ ಮಾತ್ರ ಹೋಗಲಿಲ್ಲ. ಗ್ಯಾಸ್ ಪಂಪಿನಲ್ಲಿ ಆಫ್ ಮಾಡಿ ಮತ್ತೆ ಕೀಲಿ ತಿರುಗಿಸುವಾಗ ಪ್ರತಿಸಲವೂ ಮಾವ ಕಣ್ಣು ಮುಚ್ಚುತ್ತಿದ್ದರು. ಇನ್ನೊಂದು ಹುಚ್ಚೂ ಶುರುವಾಯಿತು. ಸಾಲಿನಲ್ಲಿ ನಿಂತ ಗಾಡಿಗಳ ಹತ್ತಿರ ಹೋಗಿ ತಮ್ಮ ಮುರುಕು ಮರಾಠಿಯಲ್ಲಿ ಪೆಟ್ರೋಲ್ ಇದೆಯಾ ನೋಡಿಕೊಳ್ಳಿ ಎಂದು ಒಬ್ಬೊಬ್ಬರಿಗೂ ಹೇಳುವುದು. ಕೆಲವರು ನಕ್ಕರು, ಒಬ್ಬ ಹುಡುಗ ತನ್ನ ಫೋನಿನಲ್ಲಿ ಅವರ ವಿಡಿಯೊ ಮಾಡಿದ. ನಾನು ಇಳಿದು ಹೋಗಿ ಅವನಿಗೆ ಎರಡು ಮಾತು ಬೈದು ಬಂದೆ. “ಬಿಡು ಮಗಾ, ಅವನಾದರೂ ಪೆಟ್ರೋಲ್ ಹಾಕಿಸ್ತಾನೆ” ಎಂದು ಮಾವ ನಕ್ಕರು.

ಅವರು ಹೋದದ್ದು ಒಂದು ಭಾನುವಾರ. ಮಧ್ಯಾಹ್ನ ಊಟ ಮಾಡಿ ಮಲಗಿದವರು ಚಾಕ್ಕೆ ಎಬ್ಬಿಸಿದಾಗ ಏಳಲಿಲ್ಲ. ಅವರ ಮಗಳು, ನನ್ನ ನಾದಿನಿ, ಉಡುಪಿಯಿಂದ ಬರಬೇಕಿತ್ತು. ಹಾಗಾಗಿ ಸೋಮವಾರ ಬೆಳಗ್ಗೆ ಶವ ಎತ್ತುವುದೆಂದು ನಿಶ್ಚಯವಾಯಿತು. ಸೋಮವಾರ ಅಂದ ಕೂಡಲೇ ನನ್ನ ಗಂಡ ನನ್ನ ಕಾಲು ನೋಡಿದರು. ಊದಿದ್ದವು. ನಾನು ಸೀರೆ ಎಳೆದು ಮುಚ್ಚಿಕೊಂಡೆ. ಸೆಂಟರಿಗೆ ಫೋನ್ ಮಾಡಿದರೆ, ಮಂಗಳವಾರ ಒಂದೂ ಯಂತ್ರ ಖಾಲಿಯಿಲ್ಲ ಎಂದರು.

ಬೆಳಗಾಯಿತು. ಮಾವನನ್ನು ಹಾಲ್‌ನಲ್ಲಿ ಮಲಗಿಸಿದ್ದರು. ನಾನು ಗೋಡೆಗೆ ಒರಗಿ ಸಣ್ಣಗೆ ಉಸಿರಾಡುತ್ತ ಕೂತಿದ್ದೆ, ಯಾರಿಗೂ ಕೇಳಿಸಬಾರದೆಂದು. ಬುಧವಾರದವರೆಗೆ ಹೇಗೋ ತಡೆದುಕೊಳ್ಳಬೇಕು, ಇಷ್ಟೂ ಮಾಡದಿದ್ದರೆ ನಾನೆಂಥ ಸೊಸೆ ಎಂದುಕೊಂಡಿದ್ದೆ. ಅತ್ತೆ ತಲೆಯ ಹತ್ತಿರ ಕೂತಿದ್ದರು. ಗೋಡೆಯ ಗಡಿಯಾರ ನೋಡಿದರು, ನನ್ನನ್ನು ನೋಡಿದರು, ಎದ್ದು ಬಂದರು.

“ಈ ಹೊತ್ತಿಗೆ ಅವರು ಗಾಡಿ ತೆಗೀತಿದ್ರು. ಏಳು, ಹೊರಡು.”

“ಇವತ್ತು ಹೆಂಗ ಹೋಗ್ಲಿ ಅತ್ತಿ?”

ಅತ್ತೆಯ ತಂಗಿ ನಡುವೆ ಬಂದರು. “ಹೆಣ ಮನೆಯಲ್ಲಿ ಉಂಟು ಅಕ್ಕಾ. ಸೊಸೆ ಹೊಸ್ತಿಲು ದಾಟುವುದಾ? ಜನ ಎಂತ ಹೇಳ್ಯಾರು?”

“ಹೇಳಲಿ. ಅವರು ಇವಳನ್ನು ಒಂದು ದಿವಸ ತಪ್ಪಿಸಿದ್ದಿಲ್ಲ. ಸತ್ತು ತಪ್ಪಿಸಿದರು ಅಂತ ಆಗುವುದು ಬೇಡ” ಅಂದರು ಅತ್ತೆ. ಮೊಳೆಗೆ ತೂಗುಹಾಕಿದ್ದ ಕೀಲಿಯನ್ನು ಮರಾಠಿ ಕಾಕಾನ ಕೈಗಿಟ್ಟರು. ಎಂಬತ್ತರ ಹತ್ತಿರದ ಕಾಕಾ ಇಳಿದು ಹೋದರು.

ನಾನು ಮಾವನ ಪಾದಕ್ಕೆ ಹಣೆ ಹಚ್ಚಿದೆ. ತಣ್ಣಗಿತ್ತು. ಕೆಳಗೆ ಗಾಡಿ ಮೊದಲ ಸಲಕ್ಕೇ ಸ್ಟಾರ್ಟ್ ಆಯಿತು. ನಮ್ಮ ಗೇಟು ದಾಟುವಾಗ ಎದುರಿಗೆ ಶವದ ವ್ಯಾನು ಒಳಗೆ ಬರುತ್ತಿತ್ತು. ಕಾಕಾ ಗಾಡಿ ಬದಿಗೆ ತೆಗೆದು ಅದಕ್ಕೆ ದಾರಿ ಬಿಟ್ಟರು. ಘಣಸೋಲಿಯವರೆಗೂ ನಾನು ಬಾಯಿಗೆ ಸೆರಗು ಒತ್ತಿಕೊಂಡೇ ಅಳುತ್ತಿದ್ದೆ. ಅವರನ್ನು ಎತ್ತುವಾಗ ನಾನಿರಲಿಲ್ಲ, ಬೆಂಕಿ ಇಡುವಾಗ ನಾನಿರಲಿಲ್ಲ. ಆ ಹೊತ್ತಿನಲ್ಲಿ ನಾನು ಬದುಕುವ ಕೆಲಸ ಮಾಡುತ್ತಿದ್ದೆ.

ಸೆಂಟರಿನ ಹುಡುಗಿ ಎಂದಿನಂತೆ ತೂಕ ನೋಡಿ, ನನ್ನನ್ನು ಮಲಗಿಸಿ, ಸೂಜಿ ಕೈಗೆತ್ತಿಕೊಂಡಳು. ಬಾಗಿಲ ಕಡೆ ನೋಡಿ, “ಆಜ್ ಬಾಬಾ ನಹೀಂ ಆಯೇ?” ಎಂದು ಮಾವನ ಬಗ್ಗೆ ಕೇಳಿದಳು.

“ಗಾಡಿ ಪಾರ್ಕ್ ಕರ್ ರಹೇ ಹೈಂ” ಎಂದು ಹೇಳಿ, ಕೈ ಚಾಚಿದೆ.